ಎಡಗೈ ನಿಲ್ಲುವ ಕುರ್ಚಿ

ಉಡಿಗಾಲ
9 ಜೂನ್ 2024

ಮರಿಯಪ್ಪನವರಿಗೆ,

ನಮಸ್ಕಾರ. ನಾನು ಗುಂಡ್ಲುಪೇಟೆಯ ಹಾರ್ಡ್‌ವೇರ್ ಅಂಗಡಿ ಶಿವಮೂರ್ತಿಯವರ ಮಗಳು ಶಶಿರೇಖಾ. ಅಪ್ಪನ ಗಲ್ಲಾದ ಹಿಂದಿರುವ ತೋಳುಕುರ್ಚಿ ನೀವು ಮಾಡಿದ್ದು. ಚಿಕ್ಕವಳಿದ್ದಾಗ ಅದರಲ್ಲಿ ಕೂತರೆ ಸಾಕು, ನಿದ್ದೆ ಹೋಗಿಬಿಡುತ್ತಿದ್ದೆ. ನಿಮಗೆ ಫೋನಿನಲ್ಲಿ ಕೇಳಿಸುವುದಿಲ್ಲ, ಬರೆದರೆ ಮಾತ್ರ ಉತ್ತರ ಕೊಡುತ್ತೀರಿ ಎಂದು ಅಪ್ಪ ಹೇಳಿದರು. ಅದಕ್ಕೇ ಈ ಕಾಗದ. ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಯುಗಾದಿ ಕಳೆದ ಮೇಲೆ ನಮ್ಮ ಮಾವ ಪುಟ್ಟಬಸಪ್ಪನವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದಿವೆ. ಮಾತು ತೊದಲು. ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ಊಟ ಕೊಡಿ, ನಿಧಾನಕ್ಕೆ ಚೇತರಿಸಿಕೊಳ್ಳುತ್ತಾರೆ ಎಂದರು ಡಾಕ್ಟರು. ಊಟವೇ ಕಷ್ಟವಾಗಿರುವುದು. ಮಾವ ಹುಟ್ಟಿದಾಗಿನಿಂದ ಲಿಂಗಪೂಜೆ ಮಾಡದೆ ತುತ್ತು ಬಾಯಿಗಿಟ್ಟವರಲ್ಲ. ನಮ್ಮ ಪೂಜೆ ನಿಮಗೂ ಗೊತ್ತಿರಬಹುದು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಎದೆಯ ಮಟ್ಟಕ್ಕೆ ಎತ್ತಿ, ಅದನ್ನೇ ನೋಡುತ್ತ ಕೂರಬೇಕು. ಆ ಎಡಗೈಯೇ ಈಗ ಇಲ್ಲ. ಮಲಗಿದಲ್ಲೇ ಎದೆಯ ಮೇಲೆ ಲಿಂಗ ಇಟ್ಟು ವಿಭೂತಿ ಹಚ್ಚಿದರೆ ಸಾಕು ಎಂದು ಮಠದ ಅಯ್ಯನವರು ಹೇಳಿ ಹೋದರು. ಮಾವ ಒಪ್ಪಲಿಲ್ಲ. ಮಲ್ಕಂಡಿರೋದು ಪೂಜೆ ಅಲ್ಲ ಎನ್ನುತ್ತಾರೆ. ಅಂದಿನಿಂದ ಬರೀ ಗಂಜಿನೀರು. ಆಳು ಅರ್ಧವಾಗಿದ್ದಾರೆ.

ನನ್ನ ಗಂಡ ಸೋಮೇಶ್ ಒಂದು ದಿನ ಅವರನ್ನು ಗೋಡೆಗೆ ಒರಗಿಸಿ, ಪಂಚೆಯಿಂದ ಕಂಬಕ್ಕೆ ಕಟ್ಟಿ ಕೂರಿಸಿದರು. ಅತ್ತೆ ಒಳಗಿನಿಂದ ಬಂದವರು ನೋಡಿ ಕಿರುಚಿಬಿಟ್ಟರು. ನಮ್ಮಲ್ಲಿ ಸತ್ತವರನ್ನು ಕೂರಿಸುವುದು ಹಾಗೆ. ಅಂದಿನಿಂದ ಯಾರಿಗೂ ಆ ಧೈರ್ಯ ಬರಲಿಲ್ಲ.

ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಅಗಲವಾಗಿ, ಬೀಳದ ಹಾಗೆ, ಎಡಗೈಯನ್ನು ಎತ್ತಿ ಹಿಡಿಯುವ ಒಂದು ಕುರ್ಚಿ ನಿಮ್ಮಿಂದ ಆಗುತ್ತದೆಯೇ? ಅಂಗಡಿಗಳಲ್ಲಿ ಕೇಳಿದೆ. ಗಾಲಿಕುರ್ಚಿ ತೋರಿಸಿದರು.

ಇಂತಿ,
ಶಶಿರೇಖಾ


ಗುಂಡ್ಲುಪೇಟೆ
14 ಜೂನ್ 2024

ಶಶಿರೇಖಮ್ಮನವರಿಗೆ ಮರಿಯಪ್ಪನ ನಮಸ್ಕಾರಗಳು.

ಸಾಮಿಲ್ಲಿನ ಪಕ್ಕದಲ್ಲೇ ಆಯುಷ್ಯ ಕಳೆದು ಕಿವಿಯನ್ನು ಅದಕ್ಕೇ ಕೊಟ್ಟಾಯಿತು. ಕಣ್ಣು ಮಾತ್ರ ಇನ್ನೂ ನನ್ನದೇ. ನಿಮ್ಮ ಕಾಗದವನ್ನು ನಿಧಾನವಾಗಿ ಓದಿದೆ.

ಆಗುತ್ತದೆಯೇ ಎಂದು ಕೇಳಿದ್ದೀರಿ. ಸಣ್ಣ ಬಾಯಲ್ಲಿ ದೊಡ್ಡ ಮಾತು ಎಂದುಕೊಳ್ಳಬೇಡಿ, ಇಲ್ಲಿಂದ ಸುಲ್ತಾನ್ ಬತ್ತೇರಿಯವರೆಗೆ ಜನ ನನ್ನ ಕುರ್ಚಿಯಲ್ಲಿ ಕೂರುತ್ತಾರೆ. ಬೆನ್ನುಹಲಗೆಯನ್ನು ನಾನು ಹಿಂದಕ್ಕೆ ವಾಲಿಸುವ ರೀತಿ ಬೇರೆಯವರ ಕೈಗೆ ಬಂದಿಲ್ಲ. ಮರಿಯಪ್ಪನ ಒರಗು ಎಂದೇ ಕೇಳಿ ಮಾಡಿಸುತ್ತಾರೆ. ನೀವು ಚಿಕ್ಕಂದಿನಲ್ಲಿ ನಿದ್ದೆ ಹೋಗುತ್ತಿದ್ದದ್ದು ಆ ಒರಗಿನ ಮೇಲೆಯೇ.

ಆದರೆ ಇಂಥ ಕುರ್ಚಿಯನ್ನು ಯಾರೂ ಕೇಳಿರಲಿಲ್ಲ. ಕೂತವರು ಕೈ ಕೆಳಗೆ ಬಿಡುವುದಕ್ಕೆ ತೋಳು ಮಾಡಿದ್ದೇನೆ, ಕೈ ಎತ್ತುವುದಕ್ಕೆ ಮಾಡಿಲ್ಲ. ನಿಮ್ಮ ಮಾವನವರು ನನಗೆ ಗೊತ್ತು. ಸಣ್ಣವನಿದ್ದಾಗ ನಮ್ಮವ್ವನ ಹಿಂದೆ ಉಡಿಗಾಲಕ್ಕೆ ಅರಿಶಿನ ಕೀಳುವ ಕೂಲಿಗೆ ಬರುತ್ತಿದ್ದೆ. ನಿಮ್ಮ ಮನೆಯೂ ಗೊತ್ತು, ಹೊರಗಿನಿಂದ. ಒಳಗೆ ಪೂಜೆ ಹೇಗೆ ನಡೆಯುತ್ತದೋ ನಾನು ಕಂಡವನಲ್ಲ. ಕೂತಾಗ ಮೊಣಕೈ ಎಷ್ಟು ಎತ್ತರಕ್ಕೆ ಬರುತ್ತದೆ, ಅಂಗೈ ಕಣ್ಣಿನಿಂದ ಎಷ್ಟು ದೂರ ಇರುತ್ತದೆ, ತೊಡೆಯ ಅಗಲ ಎಷ್ಟು, ಇಷ್ಟನ್ನು ಅಳೆದು ಬರೆಯಿರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಕೂತು ನೋಡದೆ ಯಾವ ಕುರ್ಚಿಯೂ ನನ್ನ ಮರಗೆಲಸದ ಕೊಟ್ಟಿಗೆಯ ಬಾಗಿಲು ದಾಟುವುದಿಲ್ಲ. ಮಾಡಿದವನು ಮೊದಲು ಕೂರಬೇಕು. ನನಗೆ ಕೆಲಸ ಕಲಿಸಿದವರ ಕಟ್ಟಳೆ ಅದು.

ಇಂತಿ ನಿಮ್ಮ,
ಮರಿಯಪ್ಪ


ಉಡಿಗಾಲ
17 ಜೂನ್ 2024

ಮರಿಯಪ್ಪನವರಿಗೆ,

ಅಳತೆ ಚೀಟಿ ಇದರೊಳಗಿದೆ. ಸೋಮೇಶ್ ಮಾವನನ್ನು ತೋಳಿನಲ್ಲಿ ಎತ್ತಿ ಹಿಡಿದುಕೊಂಡಿದ್ದರು, ನಾನು ಟೇಪು ಹಿಡಿದೆ. ಎಷ್ಟು ಹಗುರವಾಗಿದ್ದಾರೆ ಎಂದು ಹೇಳಿ ಸೋಮೇಶ್ ಆಮೇಲೆ ಹಿತ್ತಿಲಿಗೆ ಹೋಗಿ ಒಬ್ಬರೇ ನಿಂತಿದ್ದರು.

ನಿಮ್ಮ ಕೊನೆಯ ಮಾತನ್ನು ಮನೆಯಲ್ಲಿ ಓದಿ ಹೇಳಿದ್ದೇ ತಪ್ಪಾಯಿತು. ಅತ್ತೆ ಗಂಗಾಂಬಿಕೆಯವರು ಒಪ್ಪುತ್ತಿಲ್ಲ. ಇದು ಪೂಜೆಗೆ ಕೂರುವ ಪೀಠ, ಇದರ ಮೇಲೆ ಮೊದಲು ಬೇರೆಯವರು ಕೂರಬಾರದು ಎನ್ನುತ್ತಾರೆ. ಬೇರೆಯವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಅತ್ತೆ ಕೆಟ್ಟವರಲ್ಲ. ಮಾವ ಊಟ ಬಿಟ್ಟ ದಿನದಿಂದ ತಾವೂ ಒಂದೇ ಹೊತ್ತು ಉಣ್ಣುತ್ತಿದ್ದಾರೆ. ಏನಾದರೂ ತಪ್ಪು ನಡೆದುಬಿಟ್ಟರೆ ಗಂಡ ಉಳಿಯುವುದಿಲ್ಲ ಎಂಬ ಹೆದರಿಕೆ ಅವರಿಗೆ. ನನಗೆ ಅತ್ತ ದರಿ, ಇತ್ತ ಪುಲಿ. ನೀವು ಬೇಡವೆಂದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಶಶಿರೇಖಾ


ಗುಂಡ್ಲುಪೇಟೆ
15 ಜುಲೈ 2024

ಶಶಿರೇಖಮ್ಮನವರಿಗೆ,

ಬೇಡ ಎಂದು ಬರೆಯಲು ಕಾಗದ ತೆಗೆದಿದ್ದೆ. ನನಗೂ ಸಿಟ್ಟು ಬರುತ್ತದೆ. ಆಮೇಲೆ ನೀವು ಕಳಿಸಿದ ಚೀಟಿ ನೋಡಿದೆ. ತೊಡೆಯ ಅಗಲ ಬರೆದಿದ್ದೀರಲ್ಲ, ಅದು ಹತ್ತು ವರ್ಷದ ಹುಡುಗನ ತೊಡೆ. ಅರಿಶಿನದ ಹೊಲದಲ್ಲಿ ಮೂಟೆಯನ್ನು ಒಂದೇ ಕೈಯಲ್ಲಿ ಗಾಡಿಗೆ ಎಸೆಯುತ್ತಿದ್ದ ಮನುಷ್ಯ ಅವರು. ಕಾಗದ ಎತ್ತಿಟ್ಟು ಮರ ನೋಡಲು ಹೋದೆ.

ಮರದ ವಿಷಯ ಹೇಳಬೇಕು. ಮದ್ದೂರಿನಲ್ಲಿ ನನ್ನ ತಂಗಿಯ ಹಿತ್ತಿಲಿನಲ್ಲಿ ಒಂದು ಹಲಸಿನ ಮರ ಇತ್ತು. ಹಣ್ಣಿನ ವಾಸನೆಗೆ ಕಾಡಿನಿಂದ ಬಂದ ಆನೆ ಅದನ್ನು ದೂಡಿ ಕೆಡವಿ, ಹಣ್ಣು ತಿಂದು ಹೋಯಿತು. ಆ ದಿಮ್ಮಿ ನನ್ನ ಕೊಟ್ಟಿಗೆಯಲ್ಲಿ ಮೂರು ಬೇಸಿಗೆ ಒಣಗಿದೆ. ಯಾರು ಕೇಳಿದರೂ ಕೊಟ್ಟಿರಲಿಲ್ಲ, ಯಾಕೆಂದು ನನಗೂ ಗೊತ್ತಿರಲಿಲ್ಲ. ಅದನ್ನು ಸಾಮಿಲ್ಲಿಗೆ ಹಾಕಲಿಲ್ಲ. ನಾನೂ ನನ್ನ ಅಳಿಯನೂ ಗರಗಸ ಹಿಡಿದು ಕೊಯ್ದೆವು. ಸಂಜೆ ಹೊತ್ತಿಗೆ ದಿಮ್ಮಿ ಎರಡಾಗಿ ಬಿತ್ತು. ಒಳಗೆ ಅರಿಶಿನ ಬೇಯುವ ಕಡಾಯಿಯಂತೆ ಹಳದಿ. ಅಳಿಯ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎಷ್ಟೋ ಮರ ಸೀಳಿದ್ದೇನೆ ತಾಯಿ, ಪ್ರತಿ ಸಲವೂ ಹೀಗೇ ಆಗುತ್ತದೆ. ಆ ಒಳಭಾಗವನ್ನು ಅಲ್ಲಿಯವರೆಗೆ ಭೂಮಿಯ ಮೇಲೆ ಯಾರೂ ನೋಡಿರುವುದಿಲ್ಲ. ಮರಕ್ಕೂ ಗೊತ್ತಿರುವುದಿಲ್ಲ. ಮೊದಲು ನೋಡುವವನು ನಾನು.

ಕುರ್ಚಿ ಆಗಿದೆ. ಒಂದು ಮೊಳೆಯೂ ಇಲ್ಲ. ಕಾಲಿನ ತೂತಿಗೆ ಅಡ್ಡಪಟ್ಟಿಯ ನಾಲಿಗೆ ಕೂರಿಸಿ, ಬಿದಿರಿನ ಗೂಟ ಹೊಡೆದಿದ್ದೇನೆ. ಎಡಗಡೆ ಮೈ ಜಾರದ ಹಾಗೆ ಎತ್ತರದ ಹಲಗೆ. ಅದರ ಮೇಲೆ ಎದೆಮಟ್ಟಕ್ಕೆ ತೋಳು. ತೋಳಿನಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಳ್ಳ ತೋಡಿದ್ದೇನೆ. ಒರಗು ನನ್ನದೇ.

ನಿಮ್ಮ ಅತ್ತೆಯವರ ಮಾತು ನಡೆಸಿದ್ದೇನೆ. ನಾನು ಕೂರಲಿಲ್ಲ. ಕೈಯಿಂದ ಒತ್ತಿ ನೋಡಿದೆ. ಮರಳಿನ ಚೀಲ ಇಟ್ಟು ಅಲ್ಲಾಡಿಸಿದೆ. ಕಾಲು ಕದಲಲಿಲ್ಲ. ಆದರೆ ಮರಳಿಗೆ ಏನು ಗೊತ್ತು? ಇದೊಂದು ಕುರ್ಚಿಯನ್ನು ಟೆಂಪೋಗೆ ಏರಿಸುವಾಗ ಮಗಳನ್ನು ಮುಖ ನೋಡದೆ ಗಂಡನ ಮನೆಗೆ ಕಳಿಸಿದಂತಾಯಿತು.

ಮರಿಯಪ್ಪ


ಉಡಿಗಾಲ
22 ಜುಲೈ 2024

ಮರಿಯಪ್ಪನವರಿಗೆ,

ಕುರ್ಚಿ ಕಂಡು ಬೀದಿಯವರೆಲ್ಲ ಬಂದರು. ಮುಟ್ಟಲು ಹೆದರಿ ಕೈಕಟ್ಟಿಕೊಂಡು ನೋಡಿದರು. ಮಾವ ಬಲಗೈಯಿಂದ ಆ ಹಳ್ಳವನ್ನು ಸವರಿ, ಎಷ್ಟೋ ದಿನದ ಮೇಲೆ ನಕ್ಕರು. ಇವತ್ತು ಸೋಮವಾರ ಬೆಳಿಗ್ಗೆ ಸ್ನಾನ ಮಾಡಿಸಿ, ಪೂಜೆ ಕೋಣೆಯಲ್ಲಿ ಅದರ ಮೇಲೆ ಕೂರಿಸಿದೆವು. ಎಡಗೈಯನ್ನು ತೋಳಿನ ಮೇಲಿಟ್ಟು, ಅಂಗೈಯಲ್ಲಿ ಲಿಂಗ ಇಟ್ಟೆವು. ಅತ್ತೆ ಅಡುಗೆಮನೆಯಲ್ಲಿ ಮುದ್ದೆಗೆ ಎಸರು ಇಟ್ಟು ಬಂದಿದ್ದರು.

ಮಾವ ಕಣ್ಣು ಅಂಗೈಗೆ ತರಲು ಮುಂದೆ ಬಾಗಿದರು. ಒರಗು ಅವರನ್ನು ಹಿಂದಕ್ಕೆ ಎಳೆಯಿತು. ಮೈ ಹಿಂದೆ ಜಾರಿತು, ಅದರೊಂದಿಗೆ ಮೊಣಕೈಯೂ ಜಾರಿತು, ಅಂಗೈ ವಾಲಿತು. ಲಿಂಗ ಉರುಳಿತು. ಅತ್ತೆ ಸೆರಗೊಡ್ಡಿ ಹಿಡಿದುಕೊಂಡರು. ನೆಲ ಮುಟ್ಟಿದ್ದರೆ ಏನಾಗುತ್ತಿತ್ತೋ ನನಗೆ ಬರೆಯಲೂ ಭಯ. ಅತ್ತೆ ಸೆರಗನ್ನು ಎದೆಗೆ ಅವುಚಿಕೊಂಡು ಅಲ್ಲೇ ಕೂತರು.

ಮಾವ ಈಗ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಗಂಜಿಯನ್ನೂ ಬೇಡ ಎಂದರು.

ಶಶಿರೇಖಾ


ಗುಂಡ್ಲುಪೇಟೆ
24 ಜುಲೈ 2024

ಶಶಿರೇಖಮ್ಮನವರಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆ ನಾನು ಅನ್ನುವುದಿಲ್ಲ. ಆದರೆ ತಪ್ಪು ಎಲ್ಲಿದೆ ಎಂದು ಇಲ್ಲಿ ಕೂತು ನನಗೆ ಕಾಣುತ್ತಿಲ್ಲ. ನಾಳಿದ್ದು ಮೊದಲ ಬಸ್ಸಿಗೆ ಬರುತ್ತೇನೆ. ಕೋಣೆಯ ಒಳಗೆ ಬಿಡದಿದ್ದರೆ ಕುರ್ಚಿಯನ್ನು ಅಂಗಳಕ್ಕೆ ತನ್ನಿ. ಕೂರದೆ ಮಾತ್ರ ವಾಪಸು ಹೋಗುವುದಿಲ್ಲ. ಅಲ್ಲಿಯವರೆಗೆ ಗಂಜಿಯನ್ನಾದರೂ ಕುಡಿಯಲು ಹೇಳಿ. ಮರಿಯಪ್ಪ ಬೇಡಿಕೊಂಡ ಎನ್ನಿ.

ಮರಿಯಪ್ಪ


ಉಡಿಗಾಲ
28 ಜುಲೈ 2024

ಮರಿಯಪ್ಪನವರಿಗೆ,

ನೀವು ಬಂದುಹೋದಾಗಿನಿಂದ ಇದನ್ನು ಬರೆಯಬೇಕೆಂದು ಒದ್ದಾಡುತ್ತಿದ್ದೇನೆ. ಆ ದಿನ ನಡೆದದ್ದೆಲ್ಲ ನಿಮ್ಮ ಕಣ್ಣೆದುರೇ ನಡೆಯಿತು. ಆಡಿದ ಮಾತು ಒಂದೂ ನಿಮಗೆ ಕೇಳಿಸಲಿಲ್ಲ. ಅದು ನಿಮಗೆ ಸೇರಬೇಕಾದದ್ದು.

ನೀವು ಚೀಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಿರಿ. ಸೋಮೇಶ್ ಕುರ್ಚಿಯನ್ನು ಹೊರಗೆ ತರಲು ಹೋದರು. ಆಗ ಮಾವ ಮಲಗಿದಲ್ಲಿಂದ, ಕುರ್ಚಿ ಎಲ್ಗೂ ಬ್ಯಾಡ, ಅವ್ನ ಒಳಕ್ಕೆ ಕರ್ಕ ಬಾ ಎಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ನೀವು ಅದನ್ನು ಕಂಡಿರಿ, ತಲೆ ತಗ್ಗಿಸಿದಿರಿ. ಅವರು ಅಂದದ್ದು ಇಷ್ಟೇ:

"ಅದು ಪೂಜೆ ಕೋಣೆ."

ಮಾವನ ತೊದಲು ಮಾತು ನಮಗೇ ಅರ್ಧ ತಿಳಿಯುತ್ತದೆ. ಆ ದಿನ ಮಾತ್ರ ಒಂದೊಂದು ಅಕ್ಷರವೂ ತಿಳಿಯಿತು.

"ಪೂಜೆನೇ ಬಿದ್ದೋಗದೆ ಕಣ. ಬರೀ ಕೋಣೆ ಇಟ್ಕಂಡು ಏನ್ ಮಾಡನ?"

ಅತ್ತೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಸೋಮೇಶ್ ನಿಮ್ಮ ತೋಳು ಹಿಡಿದು ಒಳಗೆ ಕರೆತಂದದ್ದು ಆಗ.

ನೀವು ಕೂತಿರಿ. ನಮ್ಮಪ್ಪ ಗಲ್ಲಾದ ಹಿಂದೆ ಕೂರುವಂತೆ, ಬೆನ್ನು ಹಿಂದಕ್ಕೆ ಚೆಲ್ಲಿ ಕೂತಿರಿ. ಸರಿಯಾಗಿದೆಯಲ್ಲ ಎಂಬಂತೆ ನಮ್ಮನ್ನು ನೋಡಿದಿರಿ. ಮಾವ ಅಲ್ಲ ಎಂದು ತಲೆಯಾಡಿಸಿ, ತಮ್ಮನ್ನು ನಿಮ್ಮ ಪಕ್ಕಕ್ಕೆ ತರಲು ಹೇಳಿದರು. ಸೋಮೇಶ್ ಅವರನ್ನು ಎತ್ತಿ ತಂದು ನೆಲದ ಮೇಲೆ ತಮ್ಮ ಎದೆಗೆ ಒರಗಿಸಿಕೊಂಡು ಕೂತರು. ಮಾವ ಬಲಗೈ ಚಾಚಿ ನಿಮ್ಮ ಎಡಗೈಯನ್ನು ಕೆಳಗಿನಿಂದ ಹಿಡಿದು ಎತ್ತಿದರು. ಅಂಗೈ ಅಗಲಿಸಿದರು. ನೋಡು ಎಂದು ಕಣ್ಣಿನಲ್ಲೇ ತೋರಿಸಿದರು. ಆ ಅಂಗೈಯಲ್ಲಿ ಏನೂ ಇರಲಿಲ್ಲ. ಆದರೂ ನೀವು ನೋಡಿದಿರಿ.

ನೀವು ನೋಡನೋಡುತ್ತ ನಿಮ್ಮ ಬೆನ್ನು ತಾನಾಗಿಯೇ ಹಲಗೆಯನ್ನು ಬಿಟ್ಟು ನೆಟ್ಟಗಾಯಿತು. ಹಿಂದೆ ಒಂದು ಕೈ ತೂರುವಷ್ಟು ಜಾಗ ಬಿತ್ತು. ನನಗೇ ಅರ್ಥವಾಯಿತು. ಒರಗು ಇರುವುದು ದಣಿವಾರಿಸಿಕೊಳ್ಳುವವರಿಗೆ. ಪೂಜೆಗೆ ಕೂತವರು ಒರಗುವುದಿಲ್ಲ. ನಿಮಗೆ ಅದು ಆ ಕ್ಷಣ ಹೊಳೆದಿರಬೇಕು ಎಂದುಕೊಂಡೆ. ಇನ್ನೇನು ಏಳುತ್ತೀರಿ ಎಂದು ಕಾದೆವು. ನೀವು ಏಳಲಿಲ್ಲ. ರೆಪ್ಪೆ ಬಡಿಯಲಿಲ್ಲ. ಮಾವನ ಕೈ ನಿಮ್ಮ ಕೈಯ ಕೆಳಗೇ ಇತ್ತು.

ಸೋಮೇಶ್‌ಗೆ ಬೆನ್ನು ನೋಯಲು ಶುರುವಾಗಿ, ಎಬ್ಬಿಸನಾ ಎಂದು ಕೇಳಿದರು. ಆಗ ಅತ್ತೆ ಬಾಗಿಲಿನಿಂದ ಅಂದದ್ದನ್ನು ನಿಮಗೆ ತಿಳಿಸಲೆಂದೇ ಈ ಕಾಗದ.

"ಸುಮ್ಕಿರ್ಲಾ. ಮಾತಾಡ್ಬ್ಯಾಡ. ಪೂಜೇಲವ್ನೆ."

ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಯಿತು, ಅತ್ತೆಯ ಬಾಯಿಂದ ಇಂಥ ಮಾತು ನಾನು ಕೇಳಿರಲಿಲ್ಲ. ಅದನ್ನು ಕೇಳಬೇಕಾದ ನೀವೊಬ್ಬರೇ ಕೇಳಲಿಲ್ಲ.

ಎದ್ದ ಮೇಲೆ ಕುರ್ಚಿಯನ್ನು ಬಸ್ಸಿನ ಮೇಲಕ್ಕೆ ಹಾಕಿಸಿಕೊಂಡು ಮಧ್ಯಾಹ್ನವೇ ಹೊರಟುಹೋದಿರಿ. ಮಾವ ಆ ಸಂಜೆ ಗಂಜಿ ಕುಡಿದರು.

ಶಶಿರೇಖಾ


ಗುಂಡ್ಲುಪೇಟೆ
23 ಆಗಸ್ಟ್ 2024

ಶಶಿರೇಖಮ್ಮನವರಿಗೆ,

ನಿಮ್ಮ ಕಾಗದಕ್ಕೆ ಕೂಡಲೇ ಉತ್ತರ ಬರೆಯಲು ಆಗಲಿಲ್ಲ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಕುರ್ಚಿಯ ಕೆಲಸಕ್ಕೆ ಮಾತ್ರ ಓಡುತ್ತಿತ್ತು. ಅದು ಈ ಕಾಗದದ ಜೊತೆಗೇ ಬರುತ್ತಿದೆ.

ಹಿಂದಿನ ಎರಡು ಕಾಲು, ಬೆನ್ನುಹಲಗೆ ಎಲ್ಲ ಕಳಚಿ, ಅದೇ ದಿಮ್ಮಿಯಲ್ಲಿ ಉಳಿದಿದ್ದ ಮರದಿಂದ ಹೊಸದಾಗಿ ಮಾಡಿದೆ. ಒರಗು ತೆಗೆದುಹಾಕಿದೆ. ಜೀವಮಾನದಲ್ಲಿ ನೆಟ್ಟಗೆ ಬೆನ್ನಿರುವ ಕುರ್ಚಿ ಮಾಡಿದ್ದು ಇದೇ ಮೊದಲು. ಕೊಟ್ಟಿಗೆಗೆ ಬಂದವರು, ಏನಪ್ಪ ಮರಿಯಪ್ಪ, ಕೈ ಮರೆತುಹೋಯಿತೇ ಎಂದು ಆಡಿಕೊಂಡರಂತೆ, ಅಳಿಯ ಬರೆದು ತೋರಿಸಿದ. ನಗಲಿ ಬಿಡಿ. ಕೂರುವ ಹಲಗೆಯನ್ನು ಹಿಂದುಗಡೆ ಒಂದು ಬೆರಳು ಎತ್ತರಿಸಿದ್ದೇನೆ. ಅದು ಮೈಯನ್ನು ತಾನೇ ಮುಂದಕ್ಕೆ ತರುತ್ತದೆ, ಎಡಹಲಗೆ ಹಿಡಿದುಕೊಳ್ಳುತ್ತದೆ. ತೋಳಿನ ಹಳ್ಳವನ್ನು ನಿಮ್ಮ ಅಳತೆಗೆ ತೋಡಲಿಲ್ಲ. ಆ ದಿನ ನನ್ನ ಕೈಯ ಕೆಳಗೆ ಅವರ ಕೈ ಹೇಗಿತ್ತೋ ಹಾಗೆ ತೋಡಿದೆ. ನೆನಪು ಅಲ್ಲೇ ಇತ್ತು, ಮಣಿಕಟ್ಟಿನ ಚರ್ಮದಲ್ಲಿ.

ಆ ದಿನದ ವಿಷಯ ಹೇಳಬೇಕು. ಮರ ಮಾತ್ರ ಗೊತ್ತಿರುವವನು ನಾನು, ಬೇರೆ ಏನೂ ಗೊತ್ತಿಲ್ಲ. ನೀವು ಅಂದುಕೊಂಡ ಹಾಗೆ ತಪ್ಪು ನನಗೆ ಕೂಡಲೇ ಹೊಳೆಯಲಿಲ್ಲ. ಒರಗಿನ ಯೋಚನೆ ಬಂದದ್ದು ಏಳುವಾಗ, ಬೆನ್ನು ಹಲಗೆ ಬಿಟ್ಟಿದ್ದು ತಿಳಿದ ಮೇಲೆ. ಅದಕ್ಕೆ ಮೊದಲು ಅಂಗೈ ನೋಡಿದೆ. ಉಳಿ ತಗುಲಿ ಸೀಳಿದ ಗೆರೆ, ಸುಟ್ಟ ಕಲೆ, ಎಂದೋ ಹೊಕ್ಕು ಒಳಗೇ ಉಳಿದ ಸಿಬಿರು. ಈ ಕೈ ಇಷ್ಟು ವರ್ಷ ನನಗೆ ಅನ್ನ ಹಾಕಿದೆ, ನಾನು ಅದನ್ನು ಒಂದು ಸಲವೂ ನಿಂತು ನೋಡಿರಲಿಲ್ಲ. ನೋಡುತ್ತ ನೋಡುತ್ತ ಅದು ನನ್ನದು ಅನ್ನಿಸಲಿಲ್ಲ. ಯಾರೋ ಕೊಟ್ಟದ್ದು ಅನ್ನಿಸಿತು. ದಿಮ್ಮಿ ಎರಡಾಗಿ ಬಿದ್ದಾಗ ಆಗುತ್ತದಲ್ಲ, ಹಾಗೇ ಆಯಿತು. ಈ ಸಲ ಬಿದ್ದದ್ದು ದಿಮ್ಮಿಯಲ್ಲ.

ನಿಮ್ಮ ಮಾವ, ನಮ್ಮ ಬುದ್ಧಿಯವರು, ದಿನಾ ಬೆಳಿಗ್ಗೆ ಇಂಥದ್ದನ್ನು ನೋಡಿ ಆಮೇಲೆ ಉಣ್ಣುತ್ತಿದ್ದರೇ? ಹಾಗಾದರೆ ಅದಿಲ್ಲದೆ ಅನ್ನ ಒಳಗೆ ಇಳಿಯದಿರುವುದು ಸರಿಯೇ.

ಈ ಸಲ ಕೂತೇ ಕಳಿಸಿದ್ದೇನೆ. ದಣಿವಾರಿಸಿಕೊಳ್ಳಲು ಕೂತಂತೆ ಕೂರಲಿಲ್ಲ, ಅವರು ತೋರಿಸಿದ ಹಾಗೆ ಕೂತೆ. ಗಂಗಾಂಬಿಕಮ್ಮನವರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಬೇಡವೆಂದರೆ ಟೆಂಪೋದಲ್ಲೇ ವಾಪಸು ಕಳಿಸಲಿ.

ಮರಿಯಪ್ಪ


ಉಡಿಗಾಲ
27 ಆಗಸ್ಟ್ 2024

ಮರಿಯಪ್ಪನವರಿಗೆ,

ನಿಮ್ಮ ಕಾಗದವನ್ನು ಅತ್ತೆಗೆ ಗಟ್ಟಿಯಾಗಿ ಓದಿದೆ, ಒಂದಕ್ಷರ ಬಿಡಲಿಲ್ಲ. ಅವರು ಒದ್ದೆ ಬಟ್ಟೆ ತಂದು ಕುರ್ಚಿಯ ಧೂಳು ಒರೆಸಿದರು. ಧೂಳು ಮಾತ್ರ.

ನಿನ್ನೆ ಶ್ರಾವಣದ ಸೋಮವಾರ. ಮಾವನನ್ನು ಕೂರಿಸಿ ಎಡಗೈ ಇಟ್ಟೆವು. ಆ ಹಳ್ಳ ಅದನ್ನು ಗೊತ್ತಿದ್ದ ಹಾಗೆ ತೆಗೆದುಕೊಂಡಿತು. ಅತ್ತೆ ಲಿಂಗ ಇಡುವಾಗ ವಿಭೂತಿ ಚೆಲ್ಲಿತು. ಸೋಮೇಶ್ ಕೆಳಗೆ ಎರಡೂ ಕೈ ಒಡ್ಡಿ ಕಾದು ಕೂತಿದ್ದರು. ಬೀಳಲಿಲ್ಲ. ಮಾವನ ಬೆನ್ನು ನೆಟ್ಟಗೆ, ಅಂಗೈ ನೇರವಾಗಿ, ಕಣ್ಣು ಅದರ ಮೇಲೆ. ಸೋಮೇಶ್ ಒಡ್ಡಿದ್ದ ಕೈಯನ್ನು ಯಾವಾಗ ಹಿಂದಕ್ಕೆ ತೆಗೆದು ಮುಗಿದರೋ ಅವರಿಗೇ ಗೊತ್ತಿಲ್ಲ. ನನಗೆ ಅಳು ಬಂತು, ತಡೆಯಲಿಲ್ಲ.

ಪೂಜೆ ಮುಗಿದ ಮೇಲೆ ಮಾವ, ಇಟ್ಟು ಬಡ್ಸು ಎಂದರು. ಅತ್ತೆ ಬಿಸಿ ಮುದ್ದೆ, ಉಪ್ಸಾರು ತಂದು ಇಟ್ಟು, ತಾವೂ ತಟ್ಟೆ ಹಾಕಿಕೊಂಡು ಎದುರಿಗೆ ಕೂತರು. ಇಬ್ಬರೂ ಒಟ್ಟಿಗೇ ಉಂಡರು. ಮಾವ ಮುದ್ದೆ ಪೂರ್ತಿ ಮುಗಿಸಿದರು.

ಕೈ ತೊಳೆಸುವಾಗ ಮಾವ ಒಂದು ಮಾತು ಹೇಳಿ, ಅದನ್ನು ಹಾಗೇ ಬರೆಯಬೇಕು ಎಂದು ನನ್ನ ಬಾಯಲ್ಲಿ ಎರಡು ಸಲ ಹೇಳಿಸಿದರು. ಬರೆದಿದ್ದೇನೆ:

"ನಮ್ ಜಗ್ಲಿ ಮ್ಯಾಲಕ್ಕೆ ಇನ್ನೊಂದ್ ಕುರ್ಚಿ ಬೇಕು ಕಣ್ಲಾ ಮರಿಯಪ್ಪ. ಒರ್ಗು ಇರ್ಲಿ. ಅಳ್ತೆ ನಿಂದೇ ಹಾಕು. ಬಂದಾಗ ನೀನು ಕೂರಾಕೆ."

ಅತ್ತೆಯನ್ನು ನೋಡಿದೆ. ಯಾವಾಗ ಬರ್ತಾನೆ ಅಂತ ಕೇಳಿ ಬರಿ, ಅಡ್ಗೆ ಮಾಡ್ಬೇಕಲ್ಲ ಎಂದರು.

ಶಶಿರೇಖಾ


ಗುಂಡ್ಲುಪೇಟೆ
30 ಆಗಸ್ಟ್ 2024

ಶಶಿರೇಖಮ್ಮನವರಿಗೆ,

ಕಾಗದ ತಲುಪಿತು. ಉಂಡರು ಎಂಬಲ್ಲಿಗೆ ಓದಿ ನಿಲ್ಲಿಸಿ, ನಾನೂ ಹೋಗಿ ಉಂಡು ಬಂದು ಉಳಿದದ್ದನ್ನು ಓದಿದೆ.

ಬುದ್ಧಿಯವರು ಹೇಳಿದ ಕುರ್ಚಿಗೆ ಹಲಗೆ ತೆಗೆದಿಟ್ಟಿದ್ದೇನೆ. ಆದರೆ ಒಂದು ತೊಡಕು ಬಂದಿದೆ. ಊರಿನವರಿಗೆಲ್ಲ ಅಳೆದವನು, ನನಗೆ ಅಂತ ಒಂದು ಕುರ್ಚಿ ಮಾಡಿಕೊಂಡವನಲ್ಲ. ನಿನ್ನೆ ಕೊಟ್ಟಿಗೆಯಲ್ಲಿ ಕೂತು ಟೇಪು ಹಿಡಿದೆ. ಬೆನ್ನಿನ ಕಡೆ ಹಿಡಿದರೆ ಮಂಡಿಯ ಕಡೆ ಬಿಡುತ್ತದೆ, ಮಂಡಿಯ ಕಡೆ ಹಿಡಿದರೆ ಬೆನ್ನಿನ ಕಡೆ ಬಿಡುತ್ತದೆ. ಅಳಿಯ, ನಾನು ಹಿಡಿಯುತ್ತೇನೆ ಎಂದು ಸನ್ನೆ ಮಾಡುತ್ತ ಬಂದ. ಬೇಡ ಎಂದೆ.

ಸೋಮವಾರ ಪೂಜೆ, ಊಟ ಎಲ್ಲ ಆಗುವ ಹೊತ್ತಿಗೆ ಅಲ್ಲಿರುತ್ತೇನೆ. ಬುದ್ಧಿಯವರ ಬಲಗೈ ಚೆನ್ನಾಗಿದೆಯಲ್ಲ. ಟೇಪಿನ ಒಂದು ತುದಿಯನ್ನು ಅವರು ಹಿಡಿದುಕೊಳ್ಳಲಿ.

ಮರಿಯಪ್ಪ